ಇಂಗ್ಲಿಷ್‌ನ ಸಿಲ್ಯಾಬಿಕ್ ವ್ಯಂಜನ: ಎಣಿಸಿ, ನುಡಿದು, ಆಮೇಲೆ ಬರೆಯುವ ಸಮಗ್ರ ಮಾರ್ಗದರ್ಶಿ

ಫೊನೆಟಿಕ್ಸ್ ಉತ್ತರಪತ್ರಿಕೆಗಳಲ್ಲಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಅಂಕ ಹೋಗುತ್ತದೆ. ‘ಬಟನ್’ ಪದವನ್ನು ಧ್ವನಿಲಿಪಿಯಲ್ಲಿ ಬರೆಯಿರಿ ಅಂದರೆ ಒಬ್ಬರು ಶ್ವಾ ಚಿಹ್ನೆಯನ್ನೂ (ಒತ್ತಿಲ್ಲದ, ಮೆಲ್ಲನೆಯ ‘ಅ’ ಥರದ ಸ್ವರದ ಗುರುತು) ಹಾಕುತ್ತಾರೆ, ನ್ ಕೆಳಗೆ ಗೆರೆಯನ್ನೂ ಎಳೆಯುತ್ತಾರೆ. ಇನ್ನೊಬ್ಬರು ಗೆರೆಯನ್ನು ಟ್ ಕೆಳಗೆ ಹಾಕುತ್ತಾರೆ. ಮತ್ತೊಬ್ಬರು ‘ಕಿಚನ್’, ‘ಲೆಮನ್’, ‘ಲಂಡನ್’ ಎಲ್ಲಕ್ಕೂ ಗೆರೆ ಎಳೆದುಬಿಡುತ್ತಾರೆ. ವ್ಯಾಖ್ಯೆ ಬಾಯಿಪಾಠ ಇರುತ್ತದೆ, ಉತ್ತರ ಮಾತ್ರ ತಪ್ಪಿರುತ್ತದೆ.

ಎಲ್ಲರೂ ಗೆರೆಯಿಂದ ಶುರು ಮಾಡುವುದೇ ಇದಕ್ಕೆ ಕಾರಣ. ಒಂದು ವ್ಯಂಜನ ಸ್ವರದ ನೆರವಿಲ್ಲದೆ ತಾನೇ ಒಂದು ಸಿಲಬಲ್ (ಉಚ್ಚಾರಣೆಯಲ್ಲಿ ಪದದ ಒಂದು ತುಂಡು) ಆಗಿದೆ ಎಂಬುದಕ್ಕೆ ಗುರುತು ಈ ಗೆರೆ. ಅದನ್ನು ಎಳೆಯುವುದು ಕೊನೆಯ ಕೆಲಸ. ಮೊದಲು ಸಿಲಬಲ್ ಎಣಿಸಬೇಕು. ಆಮೇಲೆ ನಾಲಿಗೆ ಏನು ಮಾಡುತ್ತಿದೆ ಅಂತ ಗಮನಿಸಬೇಕು. ನಡುವೆ ಸ್ವರ ಇದೆಯೋ ಇಲ್ಲವೋ ತೀರ್ಮಾನಿಸಬೇಕು. ಬರೆಯುವುದು ಇಷ್ಟೆಲ್ಲ ಆದ ಮೇಲೆ. ಈ ಕ್ರಮ ತಪ್ಪಿಸಬೇಡಿ.

## ಬೇಕಾದ ಸಾಮಾನು

ಆಡಿಯೊ ಇರುವ ಒಂದು ಆನ್‌ಲೈನ್ ನಿಘಂಟು, ಫೋನಿನ ವಾಯ್ಸ್ ರೆಕಾರ್ಡರ್, ಒಂದು ನೋಟ್‌ಬುಕ್. ಕಂಪ್ಯೂಟರ್ ಇದ್ದರೆ ದನಿಯನ್ನು ಚಿತ್ರವಾಗಿ ತೋರಿಸುವ ‘ಪ್ರಾಟ್’ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಪೌಲ್ ಬೋರ್ಸ್ಮಾ ಮತ್ತು ಡೇವಿಡ್ ವೇನಿಂಕ್ ರೂಪಿಸಿದ್ದು ಇದು. ಕೊನೆಯ ಹಂತದಲ್ಲಿ ಉಪಯೋಗಕ್ಕೆ ಬರುತ್ತದೆ.

ಈ ಬರಹದಲ್ಲಿ ನಾನು ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲೇ ತೋರಿಸುತ್ತೇನೆ. ಗೀಟು ಎಂದರೆ ಸಿಲಬಲ್‌ಗಳ ನಡುವಿನ ಗಡಿ. ‘ಬಟ್-ನ್’ ಅಂತ ಇದ್ದರೆ, ಗೀಟಿನ ನಂತರ ಸ್ವರವಿಲ್ಲದೆ ನಿಂತಿರುವ ನ್ ತಾನೇ ಒಂದು ಪೂರ್ತಿ ಸಿಲಬಲ್. ಅದೇ ಸಿಲ್ಯಾಬಿಕ್ ವ್ಯಂಜನ. ಸಾಮಾನ್ಯವಾಗಿ ಸ್ವರ ಹೊರಬೇಕಾದ ಭಾರವನ್ನು ಅಲ್ಲಿ ವ್ಯಂಜನವೇ ಹೊರುತ್ತದೆ. ಬೇರೆ ಏನೂ ಹೇಳದಿದ್ದರೆ ಪಠ್ಯಪುಸ್ತಕಗಳ ಬ್ರಿಟಿಷ್ ಉಚ್ಚಾರಣೆ ಅಂತಲೇ ತಿಳಿಯಿರಿ.

## ಹಂತ 1: ಸಿಲಬಲ್ ಎಣಿಸಿ

ಪದವನ್ನು ನಿಘಂಟಿನ ಆಡಿಯೊದಲ್ಲಿ ಕೇಳಿ. ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಾ ನೀವೂ ಹೇಳಿ. ‘ಬಟನ್’ಗೆ ಎರಡು ತಟ್ಟು, ‘ಲಿಟಲ್’ಗೆ ಎರಡು, ‘ಡಿಡಂಟ್’ಗೂ ಎರಡು. ಈ ಸಂಖ್ಯೆಯನ್ನು ಪದದ ಪಕ್ಕ ಬರೆದಿಟ್ಟುಕೊಳ್ಳಿ. ಮುಂದೆ ನೀವು ಏನೇ ಬರೆದರೂ ಈ ಸಂಖ್ಯೆಗೆ ಹೊಂದಬೇಕು.

ಇಲ್ಲಿ ಒಂದು ಎಚ್ಚರಿಕೆ. ಗಲ್ಲದ ಕೆಳಗೆ ಕೈ ಇಟ್ಟು, ದವಡೆ ಎಷ್ಟು ಸಲ ಇಳಿಯಿತು ಅಂತ ಎಣಿಸುವ ವಿಧಾನವನ್ನು ಬಹಳ ತರಗತಿಗಳಲ್ಲಿ ಹೇಳಿಕೊಡುತ್ತಾರೆ. ಬೇರೆ ಪದಗಳಿಗೆ ಅದು ಸರಿ. ಆದರೆ ಸಿಲ್ಯಾಬಿಕ್ ವ್ಯಂಜನದಲ್ಲಿ ಸ್ವರವೇ ಇಲ್ಲ, ಹಾಗಾಗಿ ದವಡೆ ಎರಡನೇ ಸಲ ಇಳಿಯುವುದಿಲ್ಲ. ‘ಬಟನ್’ನಲ್ಲಿ ಒಂದೇ ಸಿಲಬಲ್ ಇದೆ ಅನ್ನಿಸಿಬಿಡುತ್ತದೆ. ಎಣಿಸುವುದಕ್ಕೆ ಬೆರಳನ್ನೇ ಬಳಸಿ. ಗಲ್ಲದ ವಿಧಾನವನ್ನು ಮುಂದಿನ ಹಂತಕ್ಕೆ ಇಟ್ಟುಕೊಳ್ಳಿ.

## ಹಂತ 2: ಟ್ ಮತ್ತು ನ್‌ಗೆ ನಾಲಿಗೆಯನ್ನು ಒಂದೇ ಜಾಗದಲ್ಲಿ ಇಡಿ

ಜಾಸ್ತಿ ಸಮಯ ಕೊಡಬೇಕಾದ ಹಂತ ಇದು. ಕನ್ನಡ ಮಾತಾಡುವವರಿಗೆ ತೊಡಕಾಗುವುದೂ ಇಲ್ಲೇ.

ಇಂಗ್ಲಿಷ್‌ನ ಟ್, ಡ್, ನ್, ಲ್ ನಾಲ್ಕಕ್ಕೂ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದಿರುವ ವಸಡಿನ ದಿಬ್ಬಕ್ಕೆ ತಾಗುತ್ತದೆ. ‘ಬಟನ್’ ಹೇಳುವಾಗ ಟ್‌ಗೆ ಅಂಟಿದ ನಾಲಿಗೆ ಅಲ್ಲೇ ಇರುತ್ತದೆ. ಒಳಗೆ ಮೆತ್ತನೆಯ ಅಂಗುಳ ಕೆಳಗಿಳಿಯುತ್ತದೆ, ತಡೆದಿದ್ದ ಗಾಳಿ ಮೂಗಿನಿಂದ ಹೊರಬರುತ್ತದೆ. ಬಾಯಿ ತೆರೆಯುವುದೇ ಇಲ್ಲ. ಸ್ವರಕ್ಕೆ ಜಾಗವೇ ಇಲ್ಲ.

ಕನ್ನಡದ ಟ ಹಾಗಲ್ಲ. ಅದಕ್ಕೆ ನಾಲಿಗೆ ಹಿಂದಕ್ಕೆ ಮಡಚುತ್ತದೆ. ನ ಹೇಳಲು ಮತ್ತೆ ಮುಂದಕ್ಕೆ ಬರಬೇಕು. ನಾಲಿಗೆ ಒಂದು ಕಡೆ ಬಿಟ್ಟು ಇನ್ನೊಂದು ಕಡೆ ತಾಗುವ ಆ ಸಂದಿಯಲ್ಲಿ ಒಂದು ‘ಅ’ ನುಸುಳುತ್ತದೆ. ನಾವು ‘ಬ-ಟನ್’ ಅನ್ನುವುದು ಹೆಚ್ಚಾಗಿ ಹೀಗೆ. ಮನಸ್ಸಿನಲ್ಲಿ ನಿಯಮ ಎಷ್ಟೇ ಗಟ್ಟಿಯಾಗಿದ್ದರೂ ನಾಲಿಗೆ ಎರಡು ಜಾಗ ಸುತ್ತುತ್ತಿದ್ದರೆ ಸ್ವರ ಬಂದೇ ಬರುತ್ತದೆ.

ಒಳ್ಳೆಯ ಸುದ್ದಿ ಅಂದರೆ, ಬೇಕಾದ ಚಲನೆ ನಮ್ಮ ಬಾಯಿಗೆ ಹೊಸದಲ್ಲ. ಹೀಗೆ ಮಾಡಿ:

1. ‘ರತ್ನ’ ಅಂತ ನಿಧಾನವಾಗಿ ಹೇಳಿ. ತ್‌ನಿಂದ ನ್‌ಗೆ ಹೋಗುವಾಗ ನಾಲಿಗೆ ಹಲ್ಲು ಬಿಟ್ಟು ಏಳುವುದಿಲ್ಲ, ಗಾಳಿ ಮೂಗಿನಿಂದ ಹೋಗುತ್ತದೆ. ‘ಪತ್ನಿ’, ‘ಯತ್ನ’ಗಳಲ್ಲೂ ಹಾಗೇ.
2. ಈಗ ಕೊನೆಯ ‘ಅ’ ಬಿಟ್ಟುಬಿಡಿ. ‘ರತ್ನ್’ ಅಂತ ನ್ ಅನ್ನು ಎಳೆಯಿರಿ. ನ್ ಮೇಲೆ ಒಂದು ತಟ್ಟು ಬೀಳಲಿ.
3. ಅದೇ ಚಲನೆಯನ್ನು ಹಲ್ಲಿನಿಂದ ಸ್ವಲ್ಪ ಹಿಂದೆ, ವಸಡಿನ ದಿಬ್ಬದ ಮೇಲೆ ಮಾಡಿ. ‘ಬಟ್-ನ್’. ಆಮೇಲೆ ‘ಕಾಟ್-ನ್’, ‘ಹಿಡ್-ನ್’, ‘ಸಡ್-ನ್’, ‘ಗಾರ್ಡ್-ನ್’.
4. ಲ್‌ಗೆ ಮನೆಮಾತಿನ ‘ಕತ್ಲೆ’, ‘ಹಿತ್ಲು’ ಬಳಸಿ. ಅಲ್ಲಿ ನಾಲಿಗೆಯ ತುದಿ ಅಂಟಿಕೊಂಡೇ ಇದ್ದು, ಅಂಚುಗಳು ಮಾತ್ರ ಇಳಿದು ಗಾಳಿ ಪಕ್ಕದಿಂದ ಹೋಗುತ್ತದೆ. ಅದೇ ರೀತಿ ‘ಲಿಟ್-ಲ್’, ‘ಬಾಟ್-ಲ್’, ‘ಮಿಡ್-ಲ್’.

ಪರೀಕ್ಷೆ ಎರಡು ಇವೆ. ಗಲ್ಲದ ಕೆಳಗೆ ಕೈ ಇಡಿ. ಎರಡನೇ ಸಿಲಬಲ್‌ನಲ್ಲಿ ದವಡೆ ಇಳಿದರೆ ಸ್ವರ ನುಸುಳಿದೆ. ಇನ್ನೊಂದು, ‘ಬಟ್-ನ್’ ಹೇಳಿ ನ್ ಅನ್ನು ಎಳೆಯುತ್ತಾ ಮೂಗು ಹಿಡಿಯಿರಿ. ದನಿ ತಟ್ಟನೆ ನಿಲ್ಲಬೇಕು. ‘ಲಿಟ್-ಲ್’ನಲ್ಲಿ ಮೂಗು ಹಿಡಿದರೂ ದನಿ ನಿಲ್ಲಬಾರದು.

ಪದದ ಕೊನೆಗೆ ‘ಉ’ ಸೇರುತ್ತಿದೆಯಾ ನೋಡಿ. ‘ಬಟನ್ನು’, ‘ಬಾಟ್ಲು’ ಅನ್ನುವುದು ಕನ್ನಡ ವಾಕ್ಯದಲ್ಲಿ ಸಹಜ. ಇಂಗ್ಲಿಷ್ ಅಭ್ಯಾಸದಲ್ಲಿ ಅದು ಮೂರನೇ ತಟ್ಟು ಅಥವಾ ತಪ್ಪು ಸ್ವರ ಆಗುತ್ತದೆ.

ಅಮೆರಿಕನ್ ಆಡಿಯೊ ಕೇಳುವವರಿಗೆ ಒಂದು ಮಾತು. ‘ಬಟನ್’, ‘ಕಾಟನ್’ಗಳಲ್ಲಿ ಅವರು ಟ್ ಅನ್ನು ಹೆಚ್ಚಾಗಿ ಗಂಟಲಿನಲ್ಲೇ ತಡೆಯುತ್ತಾರೆ. ‘ಬಾಟಲ್’ನಲ್ಲಿ ಟ್ ಬಹಳ ಚುಟುಕಾಗಿ, ನಮ್ಮ ಕಿವಿಗೆ ಡ ಅಥವಾ ರ ಥರ ಕೇಳಿಸುತ್ತದೆ. ಎರಡರಲ್ಲೂ ಕೊನೆಯ ವ್ಯಂಜನ ಸಿಲ್ಯಾಬಿಕ್ ಆಗಿಯೇ ಉಳಿಯುತ್ತದೆ.

## ಹಂತ 3: ಬೇರೆ ವ್ಯಂಜನಗಳ ನಂತರ

ಟ್, ಡ್ ಗಟ್ಟಿಯಾದ ಮೇಲೆ ಉಳಿದದ್ದು ಸುಲಭ.

ಸ್, ಜ್ (ಝಡ್ ಅಕ್ಷರದ ಧ್ವನಿ), ಶ್, ಫ್, ವ್ ಥರದ ಉಜ್ಜುವ ಧ್ವನಿಗಳ ನಂತರ ನ್ ಸಿಲ್ಯಾಬಿಕ್ ಆಗುವುದು ಬಹಳ ಸಾಮಾನ್ಯ. ‘ಲಿಸ್-ನ್’, ‘ರೀಜ್-ನ್’, ‘ನೇಶ್-ನ್’, ‘ಆಫ್-ನ್’, ‘ಸೆವ್-ನ್’. ‘-ಶನ್’ ಅಂತ ಕೊನೆಯಾಗುವ ಪದಗಳು ಇಂಗ್ಲಿಷ್‌ನಲ್ಲಿ ಲೆಕ್ಕವಿಲ್ಲದಷ್ಟಿವೆ. ಇದೊಂದನ್ನು ರೂಢಿಸಿಕೊಂಡರೆ ಮಾತಿನ ಲಯವೇ ಬದಲಾಗುತ್ತದೆ.

ಲ್ ಇನ್ನೂ ಧಾರಾಳಿ. ಪ್, ಬ್, ಕ್, ಗ್, ಸ್, ಜ್, ಫ್, ವ್ ಎಲ್ಲದರ ನಂತರವೂ ಬರುತ್ತದೆ, ನ್ ನಂತರವೂ ಬರುತ್ತದೆ. ‘ಆ್ಯಪ್-ಲ್’, ‘ಟೇಬ್-ಲ್’, ‘ಈಗ್-ಲ್’, ‘ಪೆನ್ಸ್-ಲ್’, ‘ಪಜ್-ಲ್’, ‘ಟನ್-ಲ್’. ‘ಟೇಬಲ್’ಗೆ ಒಂದು ಉಪಾಯವಿದೆ. ಬ್‌ಗೆ ತುಟಿ ಮುಚ್ಚಿರುವಾಗಲೇ ನಾಲಿಗೆಯನ್ನು ಲ್ ಜಾಗಕ್ಕೆ ಮುಟ್ಟಿಸಿ ಕಾಯಿರಿ. ತುಟಿ ತೆರೆದ ಕ್ಷಣ ನೇರವಾಗಿ ಲ್ ಕೇಳಬೇಕು.

ಬ್ರಿಟಿಷ್ ಉಚ್ಚಾರಣೆಯಲ್ಲಿ ಪದದ ಕೊನೆಯ ಈ ಲ್ ಕನ್ನಡದ ಲ್‌ಗಿಂತ ದಪ್ಪ. ನಾಲಿಗೆಯ ಹಿಂಭಾಗ ಸ್ವಲ್ಪ ಏಳುತ್ತದೆ. ಅದನ್ನು ನಮ್ಮ ಳ್ ಮಾಡಬೇಡಿ, ತುದಿ ಮಡಚಬಾರದು.

## ಹಂತ 4: ಎಲ್ಲಿ ಗೆರೆ ಬೀಳುವುದಿಲ್ಲ

ನಿಯಮ ಕಲಿತ ಉತ್ಸಾಹದಲ್ಲಿ ಕೊನೆಗೆ ನ್ ಇರುವ ಎಲ್ಲ ಪದಕ್ಕೂ ಗೆರೆ ಎಳೆಯುವುದು ದೊಡ್ಡ ತಪ್ಪು. ಪಕ್ಕದ ಧ್ವನಿಗಿಂತ ಸ್ಪಷ್ಟವಾಗಿ ಜೋರಾಗಿ ಕೇಳಿಸಿದರೆ ಮಾತ್ರ ಒಂದು ವ್ಯಂಜನ ಸಿಲಬಲ್‌ನ ನಡುವಾಗಬಲ್ಲದು. ಟ್ ಪಕ್ಕದಲ್ಲಿ ನ್ ಎದ್ದು ಕೇಳುತ್ತದೆ. ಮ್ ಪಕ್ಕದಲ್ಲಿ ಏಳುವುದಿಲ್ಲ. ಇಷ್ಟು ನೆನಪಿದ್ದರೆ ಅರ್ಧ ಪಟ್ಟಿ ತಾನಾಗಿಯೇ ಹೊಳೆಯುತ್ತದೆ.

ಒತ್ತು ಬೀಳುವ ಸಿಲಬಲ್‌ನಲ್ಲಿ ಎಂದೂ ಬರುವುದಿಲ್ಲ. ‘ಹೋಟೆಲ್’ ಒಳ್ಳೆಯ ಉದಾಹರಣೆ. ನಾವು ಕನ್ನಡದಲ್ಲಿ ‘ಹೋಟ್ಲು’ ಅಂತೀವಿ, ಅಲ್ವಾ? ಹಾಗಾಗಿ ಅಲ್ಲಿ ಗೆರೆ ಇದೆ ಅನ್ನಿಸುತ್ತದೆ. ಇಂಗ್ಲಿಷ್‌ನಲ್ಲಿ ಒತ್ತು ಇರುವುದೇ ‘ಟೆಲ್’ ಮೇಲೆ. ಅಲ್ಲಿ ಪೂರ್ತಿ ‘ಎ’ ಸ್ವರ ಇದೆ.

ಮ್, ನ್, ಲ್, ರ್ ನಂತರ ನ್ ಸಿಲ್ಯಾಬಿಕ್ ಆಗುವುದಿಲ್ಲ. ‘ಲೆಮನ್’, ‘ಕಾಮನ್’, ‘ಕ್ಯಾನನ್’, ‘ಮೆಲನ್’, ‘ಬ್ಯಾರನ್’ ಎಲ್ಲದಕ್ಕೂ ಶ್ವಾ ಬೇಕು.

ಚ್ ಮತ್ತು ಜ್ ಎಂಬ ಒತ್ತಿ ಬಿಡುವ ಧ್ವನಿಗಳ ನಂತರವೂ ಶ್ವಾ ಬರೆಯುವುದೇ ಪಠ್ಯದ ರೂಢಿ. ‘ಕಿಚನ್’, ‘ಕ್ವೆಶ್ಚನ್’, ‘ಪಿಜನ್’. ಇಲ್ಲೊಂದು ಗೊಂದಲ ಆಗುತ್ತದೆ. ಕನ್ನಡ ಲಿಪಿಯಲ್ಲಿ ‘ಪ್ರಿಜನ್’ ಮತ್ತು ‘ಪಿಜನ್’ ಎರಡಕ್ಕೂ ಒಂದೇ ಜ ಬರೆಯುತ್ತೇವೆ. ಸೆರೆಮನೆ ಎಂಬ ಅರ್ಥದ ‘ಪ್ರಿಜನ್’ನಲ್ಲಿ ಇರುವುದು ಜೇನಿನ ಹಾಗೆ ಗುಂಯ್ ಅನ್ನುವ, ಉಜ್ಜುವ ಧ್ವನಿ. ಅದರ ನಂತರ ಗೆರೆ ಬೀಳುತ್ತದೆ. ಪಾರಿವಾಳ ಎಂಬ ಅರ್ಥದ ‘ಪಿಜನ್’ನಲ್ಲಿ ಇರುವುದು ನಮ್ಮ ‘ಜನ’ದ ಜ. ಅಲ್ಲಿ ಶ್ವಾ. ಬರೆಯುವ ಮೊದಲು ಯಾವ ಜ ಅಂತ ಕೇಳಿಕೊಳ್ಳಿ.

ವ್ಯಂಜನಗಳು ಗುಂಪಾಗಿ ಬಂದಾಗಲೂ ಶ್ವಾ ಇಡುವುದು ಸುರಕ್ಷಿತ. ‘ಲಂಡನ್’, ‘ಅಬ್ಯಾಂಡನ್’, ‘ಬಾಸ್ಟನ್’. ‘ಹಿಡನ್’ನಲ್ಲಿ ಡ್ ಒಂಟಿ, ‘ಲಂಡನ್’ನಲ್ಲಿ ಅದರ ಮುಂದೆಯೇ ಇನ್ನೊಂದು ನ್ ಇದೆ. ಇಷ್ಟೇ ವ್ಯತ್ಯಾಸ, ಉತ್ತರ ಬೇರೆ.

ಪದದ ಮೊದಲ ಸಿಲಬಲ್‌ನಲ್ಲಿ ಹಾಕಬೇಡಿ. ‘ಟುನೈಟ್’ ಪದವನ್ನು ವೇಗವಾಗಿ ಹೇಳಿದಾಗ ಏನೇ ಕೇಳಿಸಿದರೂ ಬರೆಯುವಾಗ ಸ್ವರ ಇರಲಿ. ಕೊನೆಯದಾಗಿ, ಸ್ಪೆಲ್ಲಿಂಗ್ ನಂಬಬೇಡಿ. ‘ಕಾಟನ್’ ಮತ್ತು ‘ನೈಲಾನ್’ ಕೊನೆಯಲ್ಲಿ ಒಂದೇ ಅಕ್ಷರಗಳಿವೆ. ‘ನೈಲಾನ್’ನಲ್ಲಿ ಪೂರ್ತಿ ಸ್ವರ ಉಳಿದಿದೆ.

## ಹಂತ 5: ಮ್, ಙ್, ರ್

ಮ್ ಅಪರೂಪ. ‘ರಿದಮ್’, ‘ಪ್ರಿಸಮ್’ಗಳಲ್ಲಿ ‘ರಿದ್-ಮ್’, ‘ಪ್ರಿಜ್-ಮ್’ ಆಗುತ್ತದೆ. ಶ್ವಾ ಸೇರಿಸಿ ಬರೆದರೂ ತಪ್ಪಲ್ಲ.

ವೇಗದ ಮಾತಿನಲ್ಲಿ ‘ಹ್ಯಾಪನ್’ನ ನ್, ಪಕ್ಕದ ಪ್‌ಗೆ ಹೊಂದಿಕೊಂಡು ‘ಹ್ಯಾಪ್-ಮ್’ ಆಗುತ್ತದೆ. ‘ಬೇಕನ್’ ಹಾಗೆಯೇ ‘ಬೇಕ್-ಙ್’ ಆಗುತ್ತದೆ. ಇವು ಕೇಳಿ ಬರೆಯುವ ಪರೀಕ್ಷೆಗೆ ಮಾತ್ರ. ಪದ ಕೊಟ್ಟು ಬರೆಯಿರಿ ಅಂದಾಗ ಸುಮ್ನೆ ಇವನ್ನು ತರಬೇಡಿ.

ರ್ ಮುಖ್ಯವಾಗಿ ಅಮೆರಿಕನ್ ವಿಷಯ. ‘ಬಟರ್’, ‘ಡಾಕ್ಟರ್’ ಕೊನೆಯಲ್ಲಿ ಅವರು ಹೇಳುವುದು ರ್ ಬಣ್ಣದ ಸ್ವರ. ಶ್ವಾ ಚಿಹ್ನೆಗೆ ಒಂದು ಕೊಕ್ಕೆ ಹಾಕಿ ಅದನ್ನು ಬರೆಯುತ್ತಾರೆ. ಬ್ರಿಟಿಷ್‌ನಲ್ಲಿ ಅಲ್ಲಿ ಬರೀ ಶ್ವಾ. ಬ್ರಿಟಿಷ್‌ನಲ್ಲೂ ರ್ ಸಿಲ್ಯಾಬಿಕ್ ಆಗುವ ಒಂದು ಜೋಡಿಯನ್ನು ನೆನಪಿಡಿ. ಹಸಿದ ಎಂಬ ಅರ್ಥದ ‘ಹಂಗ್ರಿ’ಗೆ ಎರಡು ಸಿಲಬಲ್, ‘ಹಂಗರಿ’ ದೇಶಕ್ಕೆ ಮೂರು. ಶ್ವಾ ಬಿಟ್ಟು ದೇಶದ ಹೆಸರು ಹೇಳುವಾಗ ನಡುವಿನ ಸಿಲಬಲ್ ಅನ್ನು ರ್ ಒಂದೇ ಹೊರುತ್ತದೆ.

## ಹಂತ 6: ಈಗ ಗೆರೆ ಎಳೆಯಿರಿ

ಐಪಿಎ ಎಂಬ ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಸಿಲ್ಯಾಬಿಕ್ ವ್ಯಂಜನದ ಗುರುತು ಅಕ್ಷರದ ನೇರ ಕೆಳಗೆ ಒಂದು ಸಣ್ಣ ನಿಂತ ಗೆರೆ. ಙ್ ಚಿಹ್ನೆಗೆ ಕೆಳಗೆ ಬಾಲ ಇರುವುದರಿಂದ ಗೆರೆಯನ್ನು ಮೇಲೆ ಹಾಕಬಹುದು. ಸಿಲಬಲ್ ಹೊರುವ ವ್ಯಂಜನಕ್ಕೆ ಮಾತ್ರ ಗೆರೆ, ಅದರ ಹಿಂದಿನದಕ್ಕಲ್ಲ. ‘ಡಿಡಂಟ್’, ‘ಕುಡಂಟ್’ಗಳಲ್ಲಿ ನ್ ನಂತರ ಇನ್ನೊಂದು ಟ್ ಇದ್ದರೂ ಗೆರೆ ನ್‌ಗೇ ಸೇರಬೇಕು: ‘ಡಿಡ್-ನ್ಟ್’.

ಎಲ್ಲಕ್ಕಿಂತ ಮುಖ್ಯ: ಶ್ವಾ ಇದ್ದರೆ ಗೆರೆ ಬೇಡ, ಗೆರೆ ಇದ್ದರೆ ಶ್ವಾ ಬೇಡ. ಎರಡೂ ಹಾಕಿದರೆ ‘ಬಟನ್’ಗೆ ಮೂರು ಸಿಲಬಲ್ ಆಯಿತು. ಹಂತ 1ರ ಸಂಖ್ಯೆ ನೋಡಿ, ಅಲ್ಲಿ ಎರಡು ಇದೆ.

ಗೆರೆಯ ಆಕಾರದಲ್ಲಿ ಅಸಡ್ಡೆ ಮಾಡಬೇಡಿ. ಮಲಗಿದ ಗೆರೆ ಹಾಕಿದರೆ ಐಪಿಎಯಲ್ಲಿ ನಾಲಿಗೆ ಹಿಂದೆ ಸರಿದಿದೆ ಎಂಬ ಅರ್ಥ. ಸಣ್ಣ ವೃತ್ತ ಹಾಕಿದರೆ ಧ್ವನಿಯಲ್ಲಿ ಘೋಷ (ಗಂಟಲಿನ ಕಂಪನ) ಇಲ್ಲ ಎಂಬ ಅರ್ಥ. ಚುಕ್ಕೆ ನಮ್ಮವರಿಗೆ ಇನ್ನೂ ಅಪಾಯ. ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆಯುವ ವಿದ್ವಾಂಸರ ಪದ್ಧತಿಯಲ್ಲಿ ಕೆಳಗೆ ಚುಕ್ಕೆ ಹಾಕಿದ ಎನ್ ಅಂದರೆ ಣ, ಎಲ್ ಅಂದರೆ ಳ. ಆತುರದ ಕೈಬರಹದಲ್ಲಿ ಗೆರೆ ಚುಕ್ಕೆಯಾದರೆ ನಿಮ್ಮ ‘ಬಟ್-ನ್’ ‘ಬಟ್-ಣ್’ ಥರ ಕಾಣುತ್ತದೆ.

ವರ್ಣಮಾಲೆಯಲ್ಲಿ ಋ ಸ್ವರಗಳ ಸಾಲಿನಲ್ಲಿ ಇರುವುದು ಯಾಕೆ ಅಂತ ಕೇಳುವವರಿಗೆ ಉತ್ತರ ಇಲ್ಲೇ ಇದೆ. ಹಳೆಯ ಸಂಸ್ಕೃತದಲ್ಲಿ ಅದು ತಾನೇ ಸಿಲಬಲ್ ಹೊರುವ ರ್. ನಾವು ಈಗ ‘ರು’ ಅಂತ ಸ್ವರ ಸೇರಿಸಿ ಹೇಳುವುದರಿಂದ ಅದು ಕಿವಿಗೆ ಬೀಳುವುದಿಲ್ಲ.

ಓರೆಗೆರೆಗಳ ನಡುವೆ ಬರೆಯುವ ಸ್ಥೂಲ ಲಿಪ್ಯಂತರದಲ್ಲಿ ಶ್ವಾ ಇಟ್ಟರೆ ಹಲವು ಶಿಕ್ಷಕರು ಒಪ್ಪುತ್ತಾರೆ. ಚೌಕ ಆವರಣದ ಒಳಗೆ ನಿಜವಾದ ಉಚ್ಚಾರಣೆ ಬರೆಯುವಾಗ ಗೆರೆಯೇ ಬೇಕು. ಒಂದು ಉತ್ತರದಲ್ಲಿ ಒಂದೇ ಪದ್ಧತಿ ಇರಲಿ. ನಡುವೆ ಬದಲಾಯಿಸಬೇಡಿ.

ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಮೊದಲು ಅಕ್ಷರ, ಆಮೇಲೆ ಗುರುತು. ಕೆಳಗಿನ ಗೆರೆಯ ಯೂನಿಕೋಡ್ ಸಂಖ್ಯೆ 0329. ವಿಂಡೋಸ್‌ನ ವರ್ಡ್‌ನಲ್ಲಿ ಎನ್ ಟೈಪ್ ಮಾಡಿ, ಜಾಗ ಬಿಡದೆ 0329 ಹೊಡೆದು, ಆಲ್ಟ್ ಹಿಡಿದು ಎಕ್ಸ್ ಒತ್ತಿ. ಗೆರೆ ಪಕ್ಕಕ್ಕೆ ಸರಿದರೆ ಅಥವಾ ಚೌಕ ಡಬ್ಬಿ ಕಂಡರೆ ಫಾಂಟ್ ಬದಲಾಯಿಸಿ. ‘ಚಾರಿಸ್ ಎಸ್‌ಐಎಲ್’, ‘ಡೌಲೋಸ್ ಎಸ್‌ಐಎಲ್’ ಇದಕ್ಕೆಂದೇ ಇರುವ ಉಚಿತ ಫಾಂಟ್‌ಗಳು.

## ಹಂತ 7: ನಿಘಂಟಿನ ಜೊತೆ ಹೋಲಿಸಿ

ಇಲ್ಲಿ ಬಹಳ ಜನ ಗಾಬರಿಯಾಗುತ್ತಾರೆ, ಏಕೆಂದರೆ ಒಂದೊಂದು ನಿಘಂಟು ಒಂದೊಂದು ಥರ ಬರೆಯುತ್ತದೆ. ಆಕ್ಸ್‌ಫರ್ಡ್ ಲರ್ನರ್ಸ್ ನಿಘಂಟಿನಲ್ಲಿ ‘ಬಟನ್’ಗೆ ಶ್ವಾ ಇಲ್ಲ, ಗೆರೆಯೂ ಇಲ್ಲ. ಟ್ ಪಕ್ಕ ನೇರವಾಗಿ ನ್. ಆ ಜಾಗದಲ್ಲಿ ನ್ ಬೇರೆ ಯಾವ ರೀತಿಯೂ ಇರಲು ಸಾಧ್ಯವಿಲ್ಲ ಅಂತ ಗೆರೆ ಬಿಟ್ಟಿದ್ದಾರೆ. ಜಾನ್ ವೆಲ್ಸ್ ರೂಪಿಸಿದ ಲಾಂಗ್‌ಮನ್ ಉಚ್ಚಾರಣಾ ನಿಘಂಟು ಶ್ವಾವನ್ನು ಸಣ್ಣದಾಗಿ ಮೇಲೆತ್ತಿ ಬರೆಯುತ್ತದೆ. ಮೆರಿಯಂ-ವೆಬ್‌ಸ್ಟರ್ ಕೂಡ ಮೇಲೆತ್ತಿದ ಶ್ವಾ ಬಳಸುತ್ತದೆ. ಆದರೆ ಅದರ ಉಳಿದ ಚಿಹ್ನೆಗಳು ಐಪಿಎ ಅಲ್ಲ, ಹಾಗೇ ನಕಲು ಮಾಡಬೇಡಿ.

ಹೀಗೆ ಓದಿ: ಮೇಲೆತ್ತಿದ ಶ್ವಾ ಕಂಡರೆ ಅಥವಾ ಎರಡು ವ್ಯಂಜನ ಒತ್ತಾಗಿ ಕಂಡರೆ, ಗೆರೆಯ ರೂಪ ಸಾಧ್ಯ. ಪೂರ್ಣ ಗಾತ್ರದ ಶ್ವಾ ಕಂಡರೆ ಸ್ವರ ಉಳಿಸಿಕೊಳ್ಳಿ.

## ಹಂತ 8: ಪದ ಬೆಳೆದಾಗ, ವಾಕ್ಯಕ್ಕೆ ಸೇರಿದಾಗ

ಸಿಲ್ಯಾಬಿಕ್ ವ್ಯಂಜನದ ನಂತರ ಸ್ವರ ಬಂದರೆ ಅದು ಸಿಲಬಲ್ ಹೊರುವುದನ್ನು ಬಿಡಬಹುದು. ‘ಗಾರ್ಡನಿಂಗ್’ ಅನ್ನು ‘ಗಾರ್ಡ್-ನ್-ಇಂಗ್’ ಅಂತ ಮೂರಾಗಿಯೂ ‘ಗಾರ್ಡ್-ನಿಂಗ್’ ಅಂತ ಎರಡಾಗಿಯೂ ಹೇಳುತ್ತಾರೆ. ಎರಡೂ ಸರಿ. ಬರೆಯುವಾಗ ಮಾತ್ರ ವ್ಯತ್ಯಾಸ ತೋರಿಸಲೇಬೇಕು.

ಇಲ್ಲಿ ಗೆರೆ ಅರ್ಥವನ್ನೇ ಬೇರೆ ಮಾಡಬಲ್ಲದು. ಮಿಂಚು ಎಂಬ ಅರ್ಥದ ‘ಲೈಟ್ನಿಂಗ್’ಗೆ ಎರಡು ಸಿಲಬಲ್. ಹಗುರ ಮಾಡುವುದು ಎಂಬ ಅರ್ಥದ ‘ಲೈಟನಿಂಗ್’ಗೆ ಬಿಡಿಸಿ ಹೇಳಿದರೆ ಮೂರು: ‘ಲೈಟ್-ನ್-ಇಂಗ್’. ಕಾಡ್ ಮೀನಿನ ಮರಿ ‘ಕಾಡ್-ಲಿಂಗ್’. ಮುದ್ದು ಮಾಡುವುದು ‘ಕಾಡ್-ಲ್-ಇಂಗ್’. ಗೆರೆ ಬಿಟ್ಟರೆ ಎರಡೂ ಒಂದೇ ಆಗುತ್ತವೆ. ಆಕ್ಸ್‌ಫರ್ಡ್ ನಿಘಂಟು ‘ಬಟನ್’ನಲ್ಲಿ ಬಿಟ್ಟಿದೆ ಅಂತ ನೀವು ಇಲ್ಲೂ ಬಿಡಬೇಡಿ.

ವಾಕ್ಯದಲ್ಲಿ ‘ಆ್ಯಂಡ್’ ಪದ ಹೆಚ್ಚಾಗಿ ಒಂದು ನ್ ಆಗಿ ಉಳಿಯುತ್ತದೆ. ‘ಬ್ರೆಡ್ ಆ್ಯಂಡ್ ಬಟರ್’ ಅನ್ನುವಾಗ ಡ್ ನಂತರ ನೇರ ನ್ ಬರುತ್ತದೆ, ಅದು ಪಕ್ಕದ ಬ್‌ನಿಂದಾಗಿ ಮ್ ಕೂಡ ಆಗಬಹುದು. ‘ಫಿಶ್ ಆ್ಯಂಡ್ ಚಿಪ್ಸ್’ನಲ್ಲಿ ‘ಫಿಶ್-ನ್-ಚಿಪ್ಸ್’. ಮಾತನ್ನು ಕೇಳಿ ಬರೆಯುವಾಗ ‘ಆ್ಯಂಡ್’ ಪೂರ್ತಿ ಕಾಣೆಯಾಗಿದೆ ಅನ್ನಿಸಿದರೆ, ಬೆರಳಿನಿಂದ ತಟ್ಟಿ ನೋಡಿ. ತಟ್ಟು ಅಲ್ಲೇ ಇರುತ್ತದೆ.

## ಹಂತ 9: ರೆಕಾರ್ಡ್ ಮಾಡಿ ಪರೀಕ್ಷಿಸಿ

ನಿಮ್ಮ ದನಿಯಲ್ಲಿ ‘ಬಟನ್’, ‘ಹಿಡನ್’, ‘ಲೆಮನ್’ ರೆಕಾರ್ಡ್ ಮಾಡಿ ಪ್ರಾಟ್‌ನಲ್ಲಿ ತೆರೆಯಿರಿ. ‘ಲೆಮನ್’ನಲ್ಲಿ ಮ್ ಮತ್ತು ನ್ ನಡುವೆ ಸ್ವರದ ಕಡುಪಟ್ಟಿಗಳು ಕಾಣಬೇಕು. ‘ಹಿಡನ್’ನಲ್ಲಿ ಡ್‌ನ ತಡೆಯ ನಂತರ ನೇರವಾಗಿ ನ್‌ನ ಮಸುಕು ಭಾಗ ಬರಬೇಕು. ನಡುವೆ ಗಾಢ ಪಟ್ಟಿ ಕಂಡರೆ ನಾಲಿಗೆ ಇನ್ನೂ ಬಿಡುತ್ತಿದೆ, ಹಂತ 2ಕ್ಕೆ ವಾಪಸ್ ಹೋಗಿ. ಪ್ರಾಟ್ ಇಲ್ಲದಿದ್ದರೆ ರೆಕಾರ್ಡಿಂಗ್ ಅನ್ನು ಅರ್ಧ ವೇಗದಲ್ಲಿ ಕೇಳಿ. ನುಸುಳಿದ ‘ಅ’ ನಿಧಾನದಲ್ಲಿ ಚೆನ್ನಾಗಿ ಕೇಳಿಸುತ್ತದೆ.

ಆಮೇಲೆ ನಿಘಂಟು ಮುಚ್ಚಿಟ್ಟು ಇವಿಷ್ಟನ್ನು ಬರೆಯಿರಿ: ‘ಕಿಟನ್’, ‘ಕಾಮನ್’, ‘ಪೆನ್ಸಿಲ್’, ‘ಹೋಟೆಲ್’, ‘ಮಿಷನ್’, ‘ಕಿಚನ್’, ‘ವುಡಂಟ್’, ‘ಲಂಡನ್’, ‘ಕ್ಯಾಟಲ್’, ‘ಪ್ರಿಜನ್’. ಗೆರೆ ಬೀಳುವುದು ಆರಕ್ಕೆ: ‘ಕಿಟನ್’, ‘ಪೆನ್ಸಿಲ್’, ‘ಮಿಷನ್’, ‘ವುಡಂಟ್’, ‘ಕ್ಯಾಟಲ್’, ‘ಪ್ರಿಜನ್’. ಉಳಿದ ನಾಲ್ಕರಲ್ಲಿ ‘ಹೋಟೆಲ್’ಗೆ ಪೂರ್ಣ ಸ್ವರ, ಮೂರಕ್ಕೆ ಶ್ವಾ. ಬೇಡದ ಕಡೆ ಗೆರೆ ಹಾಕಿದ್ದರೆ ಹಂತ 4 ಮತ್ತೆ ಓದಿ. ಬೇಕಾದ ಕಡೆ ಬಿಟ್ಟಿದ್ದರೆ ಪದವನ್ನು ಮೊದಲು ಬಾಯಲ್ಲಿ ಹೇಳಿ, ಬೆರಳಿನಿಂದ ತಟ್ಟಿ, ಆಮೇಲೆ ಪೆನ್ನು ಹಿಡಿಯಿರಿ.